ನಾನ್-ಕಮಿಷನ್ಡ್ ಅಧಿಕಾರಿಗಳ ವಾರ್ಷಿಕ ಗೋಪ್ಯ ವರದಿ

ನಾನ್-ಕಮಿಷನ್ಡ್ ಅಧಿಕಾರಿಗಳ ವಾರ್ಷಿಕ ಗೋಪ್ಯ ವರದಿ ಎಂಬುದು ಭಾರತೀಯ ಭೂಸೇನೆಯಲ್ಲಿ ನಾಯಕ್, ಹವಾಲ್ದಾರ್ ಮುಂತಾದ ಪದವಿಗಳಲ್ಲಿರುವವರ ಒಂದು ವರ್ಷದ ಕೆಲಸ, ನಡತೆ ಮತ್ತು ನಾಯಕತ್ವವನ್ನು ಮೇಲಧಿಕಾರಿಗಳು ಅಳೆದು ಬರೆದಿಡುವ ಅಧಿಕೃತ ದಾಖಲೆ. ಸೇನಾ ವಲಯದಲ್ಲಿ ಇದನ್ನು ಸಾಮಾನ್ಯವಾಗಿ ‘ಎಸಿಆರ್’ ಎಂದು ಕರೆಯುತ್ತಾರೆ. ಜೂನಿಯರ್ ಕಮಿಷನ್ಡ್ ಅಧಿಕಾರಿಗಳಿಗೂ, ಅಂದರೆ ನಾಯಬ್ ಸುಬೇದಾರ್, ಸುಬೇದಾರ್ ಮತ್ತು ಸುಬೇದಾರ್ ಮೇಜರ್ ಪದವಿಯವರಿಗೂ, ಇದೇ ಬಗೆಯ ವರದಿಯನ್ನು ಬರೆಯಲಾಗುತ್ತದೆ. ಬಡ್ತಿ, ಸೇವಾವಧಿಯ ವಿಸ್ತರಣೆ, ಬೋಧಕ ಹುದ್ದೆಗಳಿಗೆ ಆಯ್ಕೆ ಮತ್ತು ಗೌರವ ಪದವಿಗಳ ನಿರ್ಧಾರದಲ್ಲಿ ಈ ವರದಿಗಳನ್ನು ಪರಿಗಣಿಸಲಾಗುತ್ತದೆ. ಬಡ್ತಿ ಮಂಡಳಿಯ ಸಭೆಯಲ್ಲಿ ಸೈನಿಕನು ಉಪಸ್ಥಿತನಿರುವುದಿಲ್ಲ. ಅಲ್ಲಿ ಅವನ ಪರವಾಗಿ ಮಾತನಾಡುವುದು ಅವನ ಸೇವಾ ದಾಖಲೆ ಮತ್ತು ಈ ವರದಿಗಳು ಮಾತ್ರ. ಆದ್ದರಿಂದ ವರದಿಯ ಬರವಣಿಗೆಯು ಕಚೇರಿಯ ವಾಡಿಕೆಯಷ್ಟೇ ಆಗಿರದೆ ಸೈನಿಕನ ಜೀವನೋಪಾಯವನ್ನು ನಿರ್ಧರಿಸುವ ಕಾರ್ಯವಾಗಿದೆ.

## ಪದವಿಗಳು

ಭಾರತದ ಸೇನಾ ಅಧಿನಿಯಮ, 1950ರ 3ನೇ ಕಲಮು ಅಧಿಕಾರಿ, ಜೂನಿಯರ್ ಕಮಿಷನ್ಡ್ ಅಧಿಕಾರಿ ಮತ್ತು ನಾನ್-ಕಮಿಷನ್ಡ್ ಅಧಿಕಾರಿ ಎಂಬ ಮೂರು ವರ್ಗಗಳನ್ನು ಬೇರೆಬೇರೆಯಾಗಿ ನಿರೂಪಿಸುತ್ತದೆ. ಪದಾತಿ ದಳದಲ್ಲಿ ಸಿಪಾಯಿಯ ಮೇಲಿನ ಲ್ಯಾನ್ಸ್ ನಾಯಕ್, ನಾಯಕ್ ಮತ್ತು ಹವಾಲ್ದಾರ್ ಪದವಿಗಳು ನಾನ್-ಕಮಿಷನ್ಡ್ ವರ್ಗಕ್ಕೆ ಸೇರುತ್ತವೆ. ಅಶ್ವದಳದ ಪರಂಪರೆಯಿಂದ ಬಂದ ಕವಚಿತ ದಳಗಳಲ್ಲಿ ಹವಾಲ್ದಾರ್ ಪದವಿಗೆ ಸಮನಾದವನು ದಫೇದಾರ್. ಸುಬೇದಾರ್ ಪದವಿಗೆ ಸಮನಾದವನು ರಿಸಾಲ್ದಾರ್. ವಾಯುಸೇನೆಯಲ್ಲಿ ಕಾರ್ಪೊರಲ್ ಮತ್ತು ಸಾರ್ಜೆಂಟ್, ನೌಕಾಸೇನೆಯಲ್ಲಿ ಲೀಡಿಂಗ್ ಸೀಮನ್ ಮತ್ತು ಪೆಟಿ ಆಫೀಸರ್ ಪದವಿಗಳು ಈ ವರ್ಗಕ್ಕೆ ಸಮಾನವಾಗಿವೆ.

ಪದಾತಿ ದಳದ ಒಂದು ಪ್ಲಟೂನಿನಲ್ಲಿ ಮೂರು ಸೆಕ್ಷನ್‌ಗಳಿದ್ದು, ಸುಮಾರು ಹತ್ತು ಜನರ ಪ್ರತಿಯೊಂದು ಸೆಕ್ಷನ್‌ಗೂ ಸಾಮಾನ್ಯವಾಗಿ ಒಬ್ಬ ಹವಾಲ್ದಾರ್ ನಾಯಕನಾಗಿರುತ್ತಾನೆ. ಅಧಿಕಾರಿಯ ಆಜ್ಞೆಯನ್ನು ಸಿಪಾಯಿಗಳ ಕೆಲಸವಾಗಿ ಪರಿವರ್ತಿಸುವವನು ಅವನೇ. ಶಸ್ತ್ರಗಳ ನಿರ್ವಹಣೆ, ಕಾವಲಿನ ಸರದಿ, ಹೊಸಬರ ತರಬೇತಿ, ಸಿಪಾಯಿಗಳ ರಜೆ ಮತ್ತು ಮನೆಯ ತೊಂದರೆಗಳು ಮೊದಲು ಅವನ ಗಮನಕ್ಕೆ ಬರುತ್ತವೆ. ಇಂತಹ ಕೆಲಸದ ಬಹುಭಾಗವು ಕಡತದಲ್ಲಿ ಕಾಣುವುದಿಲ್ಲ. ಅದನ್ನು ಕಂಡು ಬರಹಕ್ಕೆ ಇಳಿಸುವುದೇ ಮೌಲ್ಯಮಾಪನದ ಮುಖ್ಯ ಕಷ್ಟವಾಗಿದೆ.

## ಹಿನ್ನೆಲೆ

ಸಿಪಾಯಿಗಳಿಗೂ ಕಮಿಷನ್ ಪಡೆದ ಅಧಿಕಾರಿಗಳಿಗೂ ನಡುವೆ ದೇಶೀಯ ಪದವಿಗಳ ಒಂದು ಶ್ರೇಣಿಯನ್ನು ಇರಿಸುವ ಪದ್ಧತಿಯು ಬ್ರಿಟಿಷ್ ಭಾರತೀಯ ಸೇನೆಯಿಂದ ಬಂದುದು. ಆಗ ವೈಸರಾಯ್ ಕಮಿಷನ್ಡ್ ಅಧಿಕಾರಿಗಳೆಂದು ಕರೆಯಲ್ಪಡುತ್ತಿದ್ದವರು ಸ್ವಾತಂತ್ರ್ಯಾನಂತರ ಜೂನಿಯರ್ ಕಮಿಷನ್ಡ್ ಅಧಿಕಾರಿಗಳಾದರು. ಜಮಾದಾರ್ ಎಂಬ ಹಳೆಯ ಪದವಿಯ ಹೆಸರು 1965ರಲ್ಲಿ ನಾಯಬ್ ಸುಬೇದಾರ್ ಎಂದು ಬದಲಾಯಿತು.

ಮೈಸೂರು ಸಂಸ್ಥಾನವೂ ಸ್ವಂತ ಸೇನಾಪಡೆಯನ್ನು ಹೊಂದಿತ್ತು. ಅದರ ಮೈಸೂರು ಲ್ಯಾನ್ಸರ್ಸ್ ಪಡೆಯು ಮೊದಲನೆಯ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಜೋಧಪುರ ಲ್ಯಾನ್ಸರ್ಸ್ ಜೊತೆಗೂಡಿ ಹೈಫಾ ಪಟ್ಟಣವನ್ನು ಗೆಲ್ಲುವುದರಲ್ಲಿ ಪಾಲುಗೊಂಡಿತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನಗೊಂಡವು. ಮೈಸೂರು ಲ್ಯಾನ್ಸರ್ಸ್ ಪಡೆಯ ಕುದುರೆ ಸವಾರರು 1953ರಲ್ಲಿ ರೂಪುಗೊಂಡ 61ನೇ ಕ್ಯಾವಲ್ರಿಯಲ್ಲಿ ಸೇರಿದ ಘಟಕಗಳಲ್ಲಿ ಒಂದಾದರು.

ವ್ಯಕ್ತಿಗಳನ್ನು ನಿಗದಿತ ಗುಣಗಳ ಪಟ್ಟಿಯ ಮೇಲೆ ಅಳೆಯುವ ಆಧುನಿಕ ಕ್ರಮಕ್ಕೂ ಸೇನೆಗಳಿಗೂ ಹತ್ತಿರದ ನಂಟಿದೆ. 1917ರಲ್ಲಿ ಅಮೆರಿಕವು ಮಹಾಯುದ್ಧವನ್ನು ಪ್ರವೇಶಿಸಿದಾಗ ಮನೋವಿಜ್ಞಾನಿ ವಾಲ್ಟರ್ ಡಿಲ್ ಸ್ಕಾಟ್ ಅಲ್ಲಿನ ಸೇನೆಗಾಗಿ ಒಂದು ಶ್ರೇಣೀಕರಣ ಕ್ರಮವನ್ನು ರೂಪಿಸಿದರು. ಅದರಲ್ಲಿ ಮೇಲಧಿಕಾರಿಯು ತಾನು ಬಲ್ಲ ಕೆಲವರನ್ನು ಅಳತೆಗೋಲಿನಂತೆ ಮನಸ್ಸಿನಲ್ಲಿಟ್ಟುಕೊಂಡು ಉಳಿದವರನ್ನು ಅವರೊಡನೆ ಹೋಲಿಸಿ ಅಂಕ ನೀಡಬೇಕಾಗಿತ್ತು.

## ವರದಿಯ ರಚನೆ

ವಾರ್ಷಿಕ ಗೋಪ್ಯ ವರದಿಯಲ್ಲಿ ಸ್ಥೂಲವಾಗಿ ನಾಲ್ಕು ಅಂಶಗಳಿರುತ್ತವೆ.

* ವೈಯಕ್ತಿಕ ವಿವರ: ಹೆಸರು, ಸೇವಾ ಸಂಖ್ಯೆ, ಪದವಿ, ಘಟಕ, ನಿರ್ವಹಿಸಿದ ಹುದ್ದೆ, ಮುಗಿಸಿದ ತರಬೇತಿಗಳು ಮತ್ತು ವೈದ್ಯಕೀಯ ವರ್ಗ. ವೈದ್ಯಕೀಯ ವರ್ಗವನ್ನು ‘ಶೇಪ್’ ಎಂಬ ಸಂಕೇತದಿಂದ ಸೂಚಿಸುತ್ತಾರೆ. ಮಾನಸಿಕ ಸ್ಥಿತಿ, ಶ್ರವಣಶಕ್ತಿ, ಕೈಕಾಲುಗಳು, ದೇಹದಾರ್ಢ್ಯ ಮತ್ತು ದೃಷ್ಟಿ ಇದರ ಐದು ಅಂಗಗಳು.
* ಗುಣಾಂಶಗಳು: ಪ್ರಾಮಾಣಿಕತೆ, ನಿಷ್ಠೆ, ಶಿಸ್ತು, ವೃತ್ತಿಜ್ಞಾನ, ಮುನ್ನುಗ್ಗುವ ಸ್ವಭಾವ, ಕೆಳಗಿನವರನ್ನು ನಡೆಸುವ ಶಕ್ತಿ ಮುಂತಾದವುಗಳ ಮೌಲ್ಯಾಂಕನ.
* ಶಬ್ದಚಿತ್ರ: ಸೈನಿಕನ ಕೆಲಸ ಮತ್ತು ಸ್ವಭಾವವನ್ನು ಕೆಲವೇ ವಾಕ್ಯಗಳಲ್ಲಿ ಹೇಳುವ ಭಾಗ. ಸೇನೆಯಲ್ಲಿ ಇದಕ್ಕೆ ‘ಪೆನ್ ಪಿಕ್ಚರ್’ ಎನ್ನುತ್ತಾರೆ.
* ಒಟ್ಟು ಶ್ರೇಣಿ ಮತ್ತು ಶಿಫಾರಸು: ಔಟ್‌ಸ್ಟ್ಯಾಂಡಿಂಗ್, ಅಬೋವ್ ಆವರೇಜ್, ಹೈ ಆವರೇಜ್, ಆವರೇಜ್ ಅಥವಾ ಬಿಲೋ ಆವರೇಜ್ ಎಂಬ ಶ್ರೇಣಿಗಳಲ್ಲಿ ಒಂದು, ಅದರೊಡನೆ ಮುಂದಿನ ಪದವಿಗೆ ಯೋಗ್ಯನೇ ಎಂಬ ಅಭಿಪ್ರಾಯ.

ಹೊರಗಿನ ಓದುಗನಿಗೆ ಈ ಶ್ರೇಣಿಗಳ ಹೆಸರು ತಪ್ಪು ಭಾವನೆ ಕೊಡಬಹುದು. ‘ಹೈ ಆವರೇಜ್’ ಎಂದರೆ ಸಾಧಾರಣಕ್ಕಿಂತ ಮೇಲು ಎಂದೇ ಅರ್ಥವಾಗುತ್ತದೆ. ಅದರಲ್ಲಿ ನಿಂದೆಯೇನೂ ಇಲ್ಲ. ಆದರೆ ಬಡ್ತಿಯ ಲೆಕ್ಕದಲ್ಲಿ ಅಂತಹ ವರದಿಗಳು ಒಂದು ಮಿತಿಯನ್ನು ಮೀರಿದರೆ ಸೈನಿಕನು ಅನರ್ಹನಾಗುತ್ತಾನೆ. ಓದಲು ಹೊಗಳಿಕೆಯಂತಿರುವ ಪದವೇ ಬಾಗಿಲನ್ನು ಮುಚ್ಚುವ ಪದವೂ ಆಗಬಲ್ಲದು.

## ಬರೆಯುವವರು ಮತ್ತು ಪರಿಶೀಲಿಸುವವರು

ವರದಿಯನ್ನು ಮೊದಲು ಬರೆಯುವವರನ್ನು ಇನಿಷಿಯೇಟಿಂಗ್ ಆಫೀಸರ್ ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಇವರು ಸೈನಿಕನ ಕಂಪನಿ ಕಮಾಂಡರ್ ಆಗಿರುತ್ತಾರೆ. ನಂತರ ರಿವ್ಯೂಯಿಂಗ್ ಆಫೀಸರ್, ಅಂದರೆ ಸಾಮಾನ್ಯವಾಗಿ ಘಟಕದ ಕಮಾಂಡಿಂಗ್ ಅಧಿಕಾರಿ, ಅದನ್ನು ಪರಿಶೀಲಿಸಿ ತಮ್ಮ ಅಭಿಪ್ರಾಯವನ್ನು ಸೇರಿಸುತ್ತಾರೆ. ವರದಿ ಬರೆಯುವವರ ಕೈಕೆಳಗೆ ಸೈನಿಕನು ನಿಗದಿತ ಕನಿಷ್ಠ ಅವಧಿಯವರೆಗೆ ಕೆಲಸ ಮಾಡಿರಬೇಕು. ಕಾಣದ ಕೆಲಸದ ಬಗ್ಗೆ ತೀರ್ಪು ಹೇಳಬಾರದೆಂಬುದು ಈ ನಿಯಮದ ಉದ್ದೇಶ.

ಎರಡು ಹಂತಗಳ ಈ ಕ್ರಮದಿಂದ ಒಬ್ಬನ ಒಲವು ಅಥವಾ ಮುನಿಸು ಅಂತಿಮವಾಗದಂತೆ ತಡೆ ಉಂಟಾಗುತ್ತದೆ. ಆದರೂ ಮೊದಲ ಬರಹದ ಪ್ರಭಾವವೇ ಹೆಚ್ಚು. ಕಂಪನಿ ಕಮಾಂಡರ್ ಸೈನಿಕನನ್ನು ದಿನವೂ ನೋಡುತ್ತಾರೆ. ಕಮಾಂಡಿಂಗ್ ಅಧಿಕಾರಿಯ ಅಧೀನದಲ್ಲಿ ನೂರಾರು ಜನರಿರುವುದರಿಂದ, ಮುಂದೆ ಬಂದ ಬರಹದಲ್ಲಿ ಏನಿದೆಯೋ ಅದರ ಆಧಾರದ ಮೇಲೆಯೇ ಅವರು ಬಹುಮಟ್ಟಿಗೆ ನಿರ್ಧರಿಸಬೇಕಾಗುತ್ತದೆ.

## ಬಡ್ತಿಯಲ್ಲಿ ವರದಿಯ ಪಾತ್ರ

ಹವಾಲ್ದಾರ್ ಪದವಿಯಿಂದ ನಾಯಬ್ ಸುಬೇದಾರ್ ಪದವಿಗೆ ಏರುವುದು ಸೈನಿಕನ ವೃತ್ತಿಜೀವನದ ಮುಖ್ಯ ತಿರುವು. ಇಲ್ಲಿ ಅವನು ನಾನ್-ಕಮಿಷನ್ಡ್ ವರ್ಗವನ್ನು ದಾಟಿ ಜೂನಿಯರ್ ಕಮಿಷನ್ಡ್ ವರ್ಗವನ್ನು ಸೇರುತ್ತಾನೆ. ಇದಕ್ಕೆ ಜ್ಯೇಷ್ಠತೆ, ನಿಗದಿತ ತರಬೇತಿ, ಶಿಕ್ಷಣಾರ್ಹತೆ, ವೈದ್ಯಕೀಯ ವರ್ಗ, ಶಿಸ್ತಿನ ದಾಖಲೆ ಮತ್ತು ಗೋಪ್ಯ ವರದಿಗಳು ಒಟ್ಟಾಗಿ ಬೇಕು. ಶಿಸ್ತಿನ ದಾಖಲೆಯಲ್ಲಿ ಗಂಭೀರ ಶಿಕ್ಷೆಗಳನ್ನು ಕೆಂಪು ಶಾಯಿಯ ನಮೂದುಗಳೆಂದು ಪ್ರತ್ಯೇಕವಾಗಿ ಎಣಿಸಲಾಗುತ್ತದೆ.

ವರದಿಗಳ ಮಾನದಂಡವನ್ನು ಸೇನಾ ಪ್ರಧಾನ ಕಚೇರಿಯ 1997ರ ಅಕ್ಟೋಬರ್ 10ರ ನೀತಿಪತ್ರವು ವಿಧಿಸಿತು. ನ್ಯಾಯಮಂಡಳಿಯ ಪ್ರಕರಣಗಳಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಈ ಪತ್ರದ ಸಾರ ಹೀಗಿದೆ:

* ಕೊನೆಯ ಐದು ವರದಿಗಳನ್ನು ಮಾತ್ರ ಪರಿಗಣಿಸತಕ್ಕದ್ದು. ಅವುಗಳಲ್ಲಿ ಕನಿಷ್ಠ ಮೂರು ಹವಾಲ್ದಾರ್ ಪದವಿಯಲ್ಲಿದ್ದಾಗ ಪಡೆದವಾಗಿರಬೇಕು. ಕೊರತೆಯಾದರೆ ಉಳಿದವು ನಾಯಕ್ ಪದವಿಯವಾಗಿರಬಹುದು.
* ಐದರಲ್ಲಿ ಕನಿಷ್ಠ ಮೂರು ‘ಅಬೋವ್ ಆವರೇಜ್’ ಆಗಿರಬೇಕು. ಅವುಗಳಲ್ಲಿ ಎರಡಾದರೂ ಹವಾಲ್ದಾರ್ ಪದವಿಯಲ್ಲಿ ಪಡೆದವಾಗಿರಬೇಕು.
* ಉಳಿದವು ‘ಹೈ ಆವರೇಜ್’ಗಿಂತ ಕಡಿಮೆ ಇರಬಾರದು.
* ರೆಜಿಮೆಂಟ್ ಕರ್ತವ್ಯದಲ್ಲಿದ್ದಾಗ ಅಥವಾ ಸೇನಾ ತರಬೇತಿ ಸಂಸ್ಥೆಗಳಲ್ಲಿ ಬೋಧಕನಾಗಿದ್ದಾಗ ಪಡೆದ ವರದಿಯೂ ಇರಬೇಕು.

ಈ ನಿಯಮವು ಕೆಲಸ ಮಾಡುವ ಬಗೆಯನ್ನು ಕೆಲವು ಕಲ್ಪಿತ ಉದಾಹರಣೆಗಳಿಂದ ತಿಳಿಯಬಹುದು. ಒಬ್ಬ ಹವಾಲ್ದಾರನಿಗೆ ಮೂರು ‘ಅಬೋವ್ ಆವರೇಜ್’, ಎರಡು ‘ಹೈ ಆವರೇಜ್’ ಇದ್ದು ಉಳಿದ ಷರತ್ತುಗಳು ಪೂರೈಸಿದ್ದರೆ ಅವನು ಅರ್ಹ. ಎರಡನೆಯವನಿಗೆ ಎರಡು ‘ಅಬೋವ್ ಆವರೇಜ್’, ಮೂರು ‘ಹೈ ಆವರೇಜ್’ ಇದ್ದರೆ ಅವನು ಅನರ್ಹ. ಇಬ್ಬರ ನಡುವಿನ ಅಂತರ ಒಂದೇ ವರದಿ, ಒಂದೇ ಮೆಟ್ಟಿಲು. ಮೂರನೆಯವನಿಗೆ ನಾಲ್ಕು ‘ಅಬೋವ್ ಆವರೇಜ್’ ಇದ್ದು ಒಂದೇ ಒಂದು ‘ಆವರೇಜ್’ ಇದ್ದರೂ ಅವನು ಅನರ್ಹನೇ. ಒಟ್ಟಾರೆ ನೋಡಿದರೆ ಎರಡನೆಯವನಿಗಿಂತ ಅವನ ದಾಖಲೆ ಮೇಲಾಗಿದ್ದರೂ ಕನಿಷ್ಠ ಮಿತಿಯ ನಿಯಮವು ಅವನನ್ನು ತಡೆಯುತ್ತದೆ. ಅಂತಹ ವರದಿಯು ಕೊನೆಯ ಐದರ ಲೆಕ್ಕದಿಂದ ಹೊರಬೀಳುವವರೆಗೆ ಅವನು ಕಾಯಬೇಕು. ಅಷ್ಟರಲ್ಲಿ ಅವನ ಸೇವಾವಧಿಯೇ ಮುಗಿಯಬಹುದು.

ಸೇವಾವಧಿಯ ಮಿತಿಯೇ ಈ ವಿಷಯಕ್ಕೆ ತೀವ್ರತೆಯನ್ನು ತರುತ್ತದೆ. ಹವಾಲ್ದಾರನ ಸಾಮಾನ್ಯ ಸೇವಾವಧಿ 24 ವರ್ಷ, ನಾಯಬ್ ಸುಬೇದಾರನದು 26 ವರ್ಷ, ಸುಬೇದಾರನದು 28 ವರ್ಷ. ಪರಿಶೀಲನೆಯ ನಂತರ ಇದನ್ನು ಎರಡು ವರ್ಷ ವಿಸ್ತರಿಸಬಹುದಾಗಿದೆ. ಹದಿನೆಂಟು ಅಥವಾ ಇಪ್ಪತ್ತನೆಯ ವಯಸ್ಸಿನಲ್ಲಿ ಸೇರಿದವನು ಹವಾಲ್ದಾರನಾಗಿಯೇ ಉಳಿದರೆ ನಲವತ್ತರ ಆಸುಪಾಸಿನಲ್ಲಿ, ಮಕ್ಕಳ ವಿದ್ಯಾಭ್ಯಾಸದ ನಡುವೆಯೇ, ನಿವೃತ್ತನಾಗುತ್ತಾನೆ. ಬಡ್ತಿ ದೊರೆತರೆ ಸೇವೆಯ ವರ್ಷಗಳು, ವೇತನ ಮತ್ತು ಪಿಂಚಣಿ ಮೂರೂ ಹೆಚ್ಚುತ್ತವೆ.

ಬಡ್ತಿ ಇಲ್ಲದೆ ಒಂದೇ ಪದವಿಯಲ್ಲಿ ಉಳಿದವರಿಗೆ 8, 16 ಮತ್ತು 24 ವರ್ಷಗಳ ಸೇವೆಯ ನಂತರ ಮುಂದಿನ ವೇತನ ಮಟ್ಟವನ್ನು ನೀಡುವ ಎಂಎಸಿಪಿ ಯೋಜನೆ ಇದೆ. ಇದು ಹಣಕಾಸಿನ ನಷ್ಟವನ್ನು ಭಾಗಶಃ ತುಂಬುತ್ತದೆಯೇ ಹೊರತು ಪದವಿಯನ್ನಾಗಲಿ ಅದರ ಅಧಿಕಾರವನ್ನಾಗಲಿ ಕೊಡುವುದಿಲ್ಲ.

## ಕರ್ನಾಟಕದಲ್ಲಿನ ಸಂಸ್ಥೆಗಳು

ನಾನ್-ಕಮಿಷನ್ಡ್ ಮತ್ತು ಜೂನಿಯರ್ ಕಮಿಷನ್ಡ್ ಅಧಿಕಾರಿಗಳ ಸೇವಾ ದಾಖಲೆಗಳನ್ನು ಆಯಾ ರೆಜಿಮೆಂಟ್ ಅಥವಾ ದಳದ ದಾಖಲೆ ಕಚೇರಿಗಳು ಕಾಪಾಡುತ್ತವೆ. ಸೇನೆಯಲ್ಲಿ ಇವನ್ನು ‘ರೆಕಾರ್ಡ್ಸ್’ ಎಂದೇ ಕರೆಯುತ್ತಾರೆ. ಸೈನಿಕನು ಸಿಯಾಚಿನ್‌ನಲ್ಲಿರಲಿ, ರಾಜಸ್ಥಾನದ ಮರುಭೂಮಿಯಲ್ಲಿರಲಿ, ಅವನ ವರದಿಗಳು ಸೇರುವ ಕಡತ ದೂರದ ರೆಜಿಮೆಂಟ್ ಕೇಂದ್ರದ ದಾಖಲೆ ಕಚೇರಿಯಲ್ಲಿರುತ್ತದೆ. ಜೂನಿಯರ್ ಕಮಿಷನ್ಡ್ ಪದವಿಯ ಬಡ್ತಿಗಳಿಗೆ ಈ ಕಡತಗಳೇ ಆಧಾರ.

ಕರ್ನಾಟಕದಲ್ಲಿ ಇಂತಹ ಹಲವು ಕೇಂದ್ರಗಳಿವೆ. ಬೆಂಗಳೂರಿನಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನಾ ಸರಬರಾಜು ದಳ, ಮಿಲಿಟರಿ ಪೊಲೀಸ್ ದಳ ಮತ್ತು ಪ್ಯಾರಾಶೂಟ್ ರೆಜಿಮೆಂಟ್‌ಗಳ ಕೇಂದ್ರಗಳಿವೆ. ಮದ್ರಾಸ್ ಎಂಜಿನಿಯರ್ ಗ್ರೂಪ್ ತನ್ನ ಮೂಲವನ್ನು 1780ರ ಮದ್ರಾಸ್ ಪಯನೀರ್ಸ್ ಪಡೆಯಲ್ಲಿ ಗುರುತಿಸುತ್ತದೆ. ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟ್ ಕೇಂದ್ರವೂ ಇನ್‌ಫೆಂಟ್ರಿ ಸ್ಕೂಲಿನ ಜೂನಿಯರ್ ಲೀಡರ್ಸ್ ವಿಭಾಗವೂ ಇವೆ. ಸಣ್ಣ ತುಕಡಿಗಳ ನಾಯಕತ್ವದ ತರಬೇತಿ ಈ ವಿಭಾಗದ ಮುಖ್ಯ ಕೆಲಸ. ವಾಯುಸೇನೆಯ ಏರ್‌ಮೆನ್ ತರಬೇತಿ ಶಾಲೆಯೂ ಬೆಳಗಾವಿಯಲ್ಲಿದೆ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರ ಮೇ 8ರಂದು 83 ಮಹಿಳಾ ಸೈನಿಕರ ಮೊದಲ ತಂಡ ತರಬೇತಿ ಮುಗಿಸಿ ಸೇನೆಯನ್ನು ಸೇರಿತು.

ಮೈಸೂರು ಜಿಲ್ಲೆಯ ತಾಂಡವಪುರ, ನಂಜನಗೂಡು, ತಿ. ನರಸೀಪುರ ಮುಂತಾದ ಊರುಗಳ ಸುತ್ತಮುತ್ತ ರೆಜಿಮೆಂಟ್ ಕೇಂದ್ರಗಳಿಲ್ಲ. ಇಲ್ಲಿನ ವಿದ್ಯಾರ್ಥಿಯು ಸೇವೆಯಲ್ಲಿರುವ ಹವಾಲ್ದಾರನನ್ನು ಹತ್ತಿರದಿಂದ ಕಾಣುವುದು ಹೆಚ್ಚಾಗಿ ಎನ್‌ಸಿಸಿಯ ಕವಾಯತು ಮೈದಾನದಲ್ಲಿ ಅಥವಾ ರಜೆಯ ಮೇಲೆ ಊರಿಗೆ ಬಂದವರಲ್ಲಿ. 1948ರ ಅಧಿನಿಯಮದಂತೆ ಸ್ಥಾಪನೆಯಾದ ಎನ್‌ಸಿಸಿಯ ಘಟಕಗಳಿಗೆ ಸೇನೆಯಿಂದ ಜೂನಿಯರ್ ಕಮಿಷನ್ಡ್ ಮತ್ತು ನಾನ್-ಕಮಿಷನ್ಡ್ ಅಧಿಕಾರಿಗಳನ್ನು ಬೋಧಕರಾಗಿ ನಿಯೋಜಿಸಲಾಗುತ್ತದೆ. ಇವರನ್ನು ‘ಪಿ.ಐ. ಸ್ಟಾಫ್’ ಎಂದು ಕರೆಯುವುದು ರೂಢಿ. ಕೆಡೆಟ್‌ಗಳಿಗೆ ರೈಫಲ್ ಬಿಚ್ಚಿ ಜೋಡಿಸುವುದನ್ನೂ ನಕ್ಷೆ ಓದುವುದನ್ನೂ ಕಲಿಸುವ ಬೋಧಕನು ಆ ಅವಧಿಯಲ್ಲಿ ಸ್ವಂತ ಪಲ್ಟನ್ನಿನಿಂದ ದೂರವಿರುತ್ತಾನೆ. ಹೀಗೆ ರೆಜಿಮೆಂಟಿನ ಹೊರಗೆ ಕಳೆಯುವ ವರ್ಷಗಳಲ್ಲಿಯೂ ಅವನ ಕೆಲಸ ಮೌಲ್ಯಮಾಪನಕ್ಕೆ ಒಳಗಾಗುತ್ತದೆ. ಬಡ್ತಿಗೆ ರೆಜಿಮೆಂಟ್ ಕರ್ತವ್ಯದ ವರದಿಯೂ ಬೇಕಾಗಿರುವುದರಿಂದ ಯಾವ ವರ್ಷ ಎಲ್ಲಿ ಕೆಲಸ ಮಾಡಬೇಕೆಂಬ ಪ್ರಶ್ನೆಯೂ ಅವನಿಗೆ ಮುಖ್ಯವಾಗುತ್ತದೆ.

## ಉತ್ತಮ ವರದಿಯ ಲಕ್ಷಣಗಳು

ವರದಿಯ ಶಬ್ದಚಿತ್ರವು ಗುಣವಾಚಕಗಳ ಸರಮಾಲೆಯಾಗಿರಬಾರದು. ‘ಶ್ರಮಜೀವಿ’, ‘ನಂಬಿಕಸ್ಥ’, ‘ಉತ್ಸಾಹಿ’ ಎಂಬ ಮಾತುಗಳು ಎಲ್ಲರಿಗೂ ಹೊಂದುತ್ತವೆ. ಆದ್ದರಿಂದ ಯಾರನ್ನೂ ಬೇರ್ಪಡಿಸುವುದಿಲ್ಲ. ಓದುವ ಮಂಡಳಿಗೆ ಬೇಕಾದುದು ಮೂರು ಸಂಗತಿ: ಅವನು ಏನು ಮಾಡಿದ, ಎಂತಹ ಸ್ಥಿತಿಯಲ್ಲಿ ಮಾಡಿದ, ಅದರಿಂದ ಏನಾಯಿತು. ಕೆಳಗಿನ ವಾಕ್ಯಗಳನ್ನು ವಿವರಣೆಗಾಗಿ ಕಲ್ಪಿಸಲಾಗಿದೆ.

* ದುರ್ಬಲ ವಾಕ್ಯ: ‘ವಾಹನಗಳ ಉಸ್ತುವಾರಿಯಲ್ಲಿ ಬಹಳ ಶ್ರದ್ಧೆಯುಳ್ಳವನು.’
 ಸಮರ್ಥ ವಾಕ್ಯ: ‘ಕಂಪನಿಯ 14 ವಾಹನಗಳ ಹೊಣೆ ಹೊತ್ತಿದ್ದನು. ಆರು ತಿಂಗಳ ಎತ್ತರದ ಪ್ರದೇಶದ ನಿಯೋಜನೆಯಲ್ಲಿ ನಿರ್ವಹಣೆಯ ಲೋಪದಿಂದ ಯಾವ ವಾಹನವೂ ನಿಲ್ಲಲಿಲ್ಲ.’
* ದುರ್ಬಲ ವಾಕ್ಯ: ‘ಒಳ್ಳೆಯ ಬೋಧಕ.’
 ಸಮರ್ಥ ವಾಕ್ಯ: ‘ಗುರಿ ಹೊಡೆಯುವ ಪರೀಕ್ಷೆಯಲ್ಲಿ ಹಿಂದುಳಿದಿದ್ದ ಎಂಟು ಸಿಪಾಯಿಗಳಿಗೆ ಕರ್ತವ್ಯದ ನಂತರ ತಾನಾಗಿಯೇ ಅಭ್ಯಾಸ ಮಾಡಿಸಿದನು. ಮರುಪರೀಕ್ಷೆಯಲ್ಲಿ ಏಳು ಮಂದಿ ಉತ್ತೀರ್ಣರಾದರು.’
* ದುರ್ಬಲ ವಾಕ್ಯ: ‘ಬರವಣಿಗೆಯಲ್ಲಿ ಸುಧಾರಿಸಬೇಕು.’
 ಸಮರ್ಥ ವಾಕ್ಯ: ‘ತುಕಡಿಯನ್ನು ನಡೆಸುವಲ್ಲಿ ಚುರುಕು, ದಾಸ್ತಾನು ಲೆಕ್ಕದ ಪುಸ್ತಕಗಳನ್ನು ಎರಡು ಬಾರಿ ತಡವಾಗಿ ಒಪ್ಪಿಸಿದನು. ತಿಳಿಹೇಳಿದ ಬಳಿಕ ಕೊನೆಯ ನಾಲ್ಕು ತಿಂಗಳು ತಡವಾಗಲಿಲ್ಲ.’

ಕೊನೆಯ ಉದಾಹರಣೆಯು ಕೊರತೆಯನ್ನು ಬಚ್ಚಿಡುವುದಿಲ್ಲ. ಅದು ಯಾವ ಕೊರತೆ, ಎಷ್ಟು ಬಾರಿ, ತಿಳಿಸಿದ ಮೇಲೆ ಏನಾಯಿತು ಎಂಬುದನ್ನು ಹೇಳುತ್ತದೆ. ಓದುವವರು ಅದರ ತೂಕವನ್ನು ತಾವೇ ಅಳೆಯಬಹುದು.

ಶ್ರೇಣಿಗೂ ಶಬ್ದಚಿತ್ರಕ್ಕೂ ಹೊಂದಾಣಿಕೆ ಇರುವುದು ಮತ್ತೊಂದು ಅಗತ್ಯ. ಬರಹದಲ್ಲಿ ಹೊಗಳಿ ಶ್ರೇಣಿಯಲ್ಲಿ ಇಳಿಸಿದರೆ, ಅಥವಾ ಗುಣಾಂಶಗಳಲ್ಲಿ ಹೆಚ್ಚು ಕೊಟ್ಟು ಒಟ್ಟು ಶ್ರೇಣಿಯನ್ನು ಕಾರಣವಿಲ್ಲದೆ ತಗ್ಗಿಸಿದರೆ, ಆ ವರದಿಯನ್ನು ಪ್ರಶ್ನಿಸಲು ಎಡೆಯಾಗುತ್ತದೆ. ವರ್ಷವಿಡೀ ಚಿಕ್ಕ ಟಿಪ್ಪಣಿಗಳನ್ನು ಇಟ್ಟುಕೊಳ್ಳುವುದು ಇದಕ್ಕೆ ಪರಿಹಾರ. ವರದಿಯ ಗಡುವಿನ ವಾರದಲ್ಲಿ ನೆನಪಿನಿಂದ ಬರೆದ ಬರಹದಲ್ಲಿ ಅಂಕಿ ಅಂಶಗಳು ಸಿಗುವುದು ವಿರಳ.

## ಮೌಲ್ಯಮಾಪನದ ದೋಷಗಳು

1920ರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರೀಕ್ಷಿಸಿ ಒಂದು ಪ್ರಬಂಧ ಪ್ರಕಟಿಸಿದರು. ದೇಹದಾರ್ಢ್ಯ, ಬುದ್ಧಿ, ನಾಯಕತ್ವ, ಶೀಲ ಎಂಬ ಬೇರೆಬೇರೆ ಗುಣಗಳಿಗೆ ಕೊಟ್ಟ ಅಂಕಗಳು ಸಹಜವಾಗಿ ಇರಬೇಕಾದುದಕ್ಕಿಂತ ಬಹಳ ಹೆಚ್ಚಾಗಿ ಒಂದನ್ನೊಂದು ಹೋಲುತ್ತಿದ್ದವು. ಒಂದು ಗುಣದ ಬಗ್ಗೆ ಮೂಡಿದ ಅಭಿಪ್ರಾಯ ಉಳಿದ ಗುಣಗಳ ಮೇಲೂ ಹರಡುವ ಈ ದೋಷಕ್ಕೆ ಪ್ರಭಾವಳಿ ಪರಿಣಾಮ ಎಂಬ ಹೆಸರು ನಿಂತಿತು. ಈ ಪರಿಕಲ್ಪನೆಯು ಸೇನಾ ಮೌಲ್ಯಮಾಪನದ ಅಧ್ಯಯನದಿಂದ ಬೆಳೆದುದೆಂಬುದು ಗಮನಾರ್ಹ.

ಸಾಮಾನ್ಯವಾಗಿ ಗುರುತಿಸಲಾಗುವ ಇತರ ದೋಷಗಳು ಇವು:

* ಇತ್ತೀಚಿನದರ ಪ್ರಭಾವ: ವರ್ಷದ ಕೊನೆಯ ಒಂದು ತಪ್ಪು ಅಥವಾ ಸಾಧನೆಯು ಹನ್ನೊಂದು ತಿಂಗಳ ಕೆಲಸವನ್ನು ಮರೆಸುವುದು.
* ಔದಾರ್ಯ: ಯಾರನ್ನೂ ನೋಯಿಸಬಾರದೆಂದು ಎಲ್ಲರಿಗೂ ಮೇಲಿನ ಶ್ರೇಣಿ ಕೊಡುವುದು. ಇದರಿಂದ ನಿಜವಾಗಿ ಶ್ರೇಷ್ಠನಾದವನು ಗುಂಪಿನಲ್ಲಿ ಮರೆಯಾಗುತ್ತಾನೆ.
* ನಡುಮಟ್ಟದ ಒಲವು: ವಿವಾದ ತಪ್ಪಿಸಲು ಎಲ್ಲರನ್ನೂ ನಡುವಿನ ಶ್ರೇಣಿಯಲ್ಲಿಡುವುದು.
* ಭಾಷೆಯ ಅಡ್ಡಿ: ಅಧಿಕಾರಿಯ ಭಾಷೆಯಲ್ಲಿ ಸರಾಗವಾಗಿ ಮಾತನಾಡುವವನನ್ನು ಹೆಚ್ಚು ಸಮರ್ಥನೆಂದು ಭಾವಿಸುವುದು. ಹಲವು ರಾಜ್ಯಗಳ ಸೈನಿಕರು ಒಟ್ಟಿಗೆ ದುಡಿಯುವ ದಳಗಳಲ್ಲಿ ಇದಕ್ಕೆ ವಿಶೇಷ ಎಚ್ಚರ ಬೇಕು.

## ಗೋಪ್ಯತೆ ಮತ್ತು ನ್ಯಾಯಾಲಯಗಳ ತೀರ್ಪುಗಳು

ವರದಿಯು ಗೋಪ್ಯವಾಗಿದ್ದರೆ ಬರೆಯುವವರು ನಿರ್ಭಯವಾಗಿ ಬರೆಯಬಹುದು ಎಂಬುದು ಒಂದು ವಾದ. ತನ್ನ ಕೊರತೆ ತಿಳಿಯದವನು ತಿದ್ದಿಕೊಳ್ಳುವುದಾದರೂ ಹೇಗೆ ಎಂಬುದು ಪ್ರತಿವಾದ. ಪ್ರತಿಕೂಲ ಟೀಕೆಗಳನ್ನು ಸಂಬಂಧಪಟ್ಟವನಿಗೆ ತಿಳಿಸಬೇಕೆಂಬುದು ಬಹುಕಾಲದಿಂದ ಬಂದ ನಿಯಮ. ವಿವಾದವಿರುವುದು ಪ್ರತಿಕೂಲವಲ್ಲದಿದ್ದರೂ ಬಡ್ತಿಗೆ ಸಾಲದ ಶ್ರೇಣಿಗಳ ಬಗ್ಗೆ.

ಉತ್ತರ ಪ್ರದೇಶ ಸರ್ಕಾರ ವಿರುದ್ಧ ಯಮುನಾ ಶಂಕರ್ ಮಿಶ್ರಾ ಪ್ರಕರಣದಲ್ಲಿ (1997) ಸರ್ವೋಚ್ಚ ನ್ಯಾಯಾಲಯವು, ಗೋಪ್ಯ ವರದಿಯ ಉದ್ದೇಶ ನೌಕರನಿಗೆ ಸುಧಾರಿಸಲು ಅವಕಾಶ ನೀಡುವುದು ಮತ್ತು ಸಾರ್ವಜನಿಕ ಸೇವೆಯ ಗುಣಮಟ್ಟವನ್ನು ಹೆಚ್ಚಿಸುವುದು ಎಂದು ಹೇಳಿತು.

ದೇವ್ ದತ್ ವಿರುದ್ಧ ಭಾರತ ಒಕ್ಕೂಟ ಪ್ರಕರಣದ ತೀರ್ಪು 2008ರ ಮೇ 12ರಂದು ಬಂದಿತು. ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯ ಕಾರ್ಯನಿರ್ವಾಹಕ ಎಂಜಿನಿಯರರೊಬ್ಬರಿಗೆ 1993–94ನೇ ಸಾಲಿನಲ್ಲಿ ‘ಗುಡ್’ ಎಂಬ ಶ್ರೇಣಿ ಬಂದಿತ್ತು. ಬಡ್ತಿಗೆ ‘ವೆರಿ ಗುಡ್’ ಬೇಕಾಗಿದ್ದುದರಿಂದ ಆ ಒಂದು ಶ್ರೇಣಿಯೇ ಅಡ್ಡಿಯಾಯಿತು. ಅದನ್ನು ಅವರಿಗೆ ತಿಳಿಸಿರಲೂ ಇಲ್ಲ. ಒಂದು ನಮೂದು ಪ್ರತಿಕೂಲವೇ ಅಲ್ಲವೇ ಎಂಬುದನ್ನು ಅದರ ಹೆಸರಿನಿಂದಲ್ಲ, ಅದರ ಫಲದಿಂದ ನೋಡಬೇಕೆಂಬ ನೆಲೆಯಲ್ಲಿ ನ್ಯಾಯಾಲಯವು ಎಲ್ಲ ನಮೂದುಗಳನ್ನೂ ನೌಕರನಿಗೆ ತಿಳಿಸಬೇಕೆಂದು ತೀರ್ಮಾನಿಸಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಈ ನಿಲುವನ್ನು ದೊಡ್ಡ ಪೀಠವು ಎತ್ತಿಹಿಡಿಯಿತು. ಕೇಂದ್ರ ಸರ್ಕಾರವು 2009ರ ಮೇ 14ರ ಆದೇಶದಿಂದ ನಾಗರಿಕ ನೌಕರರ ಗೋಪ್ಯ ವರದಿಯ ಹೆಸರನ್ನು ವಾರ್ಷಿಕ ಕಾರ್ಯನಿರ್ವಹಣಾ ಮೌಲ್ಯಮಾಪನ ವರದಿ ಎಂದು ಬದಲಿಸಿ, ಪೂರ್ಣ ವರದಿಯನ್ನು ನೌಕರನಿಗೆ ತೋರಿಸುವಂತೆ ಮಾಡಿತು.

ಆದರೆ ದೇವ್ ದತ್ ತೀರ್ಪಿನಲ್ಲಿಯೇ ನ್ಯಾಯಾಲಯವು, ಮೇಜರ್ ಬಹಾದುರ್ ಸಿಂಗ್ ಪ್ರಕರಣದ ಹಿಂದಿನ ತೀರ್ಪನ್ನು ಉಲ್ಲೇಖಿಸಿ, ತನ್ನ ನಿರ್ದೇಶನಗಳು ಸೇನಾಧಿಕಾರಿಗಳಿಗೆ ಅನ್ವಯಿಸುವುದಿಲ್ಲವೆಂದು ಸ್ಪಷ್ಟಪಡಿಸಿತು. ಹೀಗಾಗಿ ನಾಗರಿಕ ಸೇವೆಯಲ್ಲಿ ‘ಗೋಪ್ಯ’ ಎಂಬ ಪದವೇ ಮರೆಯಾದರೂ ಸೇನೆಯಲ್ಲಿ ಪದವೂ ಪದ್ಧತಿಯೂ ಉಳಿದವು.

## ದೂರು ಮತ್ತು ಪರಿಹಾರ

ತನ್ನ ವರದಿಯಿಂದ ಅನ್ಯಾಯವಾಗಿದೆ ಎಂದು ಭಾವಿಸುವ ನಾನ್-ಕಮಿಷನ್ಡ್ ಅಥವಾ ಜೂನಿಯರ್ ಕಮಿಷನ್ಡ್ ಅಧಿಕಾರಿಗೆ ಸೇನಾ ಅಧಿನಿಯಮದ 26ನೇ ಕಲಮು ದೂರು ನೀಡುವ ಹಕ್ಕನ್ನು ಕೊಡುತ್ತದೆ. ಕಂಪನಿಗೆ ಸೇರಿದವನು ಕಂಪನಿಯ ಕಮಾಂಡರಿಗೆ ದೂರು ಕೊಡಬೇಕು. ದೂರು ಯಾರ ವಿರುದ್ಧವಿದೆಯೋ ಅವರೇ ದೂರು ಪಡೆಯಬೇಕಾದ ಅಧಿಕಾರಿಯಾಗಿದ್ದರೆ ಅವರ ಮೇಲಿನ ಅಧಿಕಾರಿಗೆ ಕೊಡಬಹುದು. ಕಂಪನಿ ಕಮಾಂಡರೇ ವರದಿ ಬರೆಯುವವರಾಗಿರುವುದರಿಂದ ಎರಡನೆಯ ಅವಕಾಶಕ್ಕೆ ವಿಶೇಷ ಮಹತ್ವವಿದೆ. ದೂರನ್ನು ಪಡೆದ ಅಧಿಕಾರಿಯು ಸಾಧ್ಯವಾದಷ್ಟು ಪೂರ್ಣವಾಗಿ ವಿಚಾರಣೆ ನಡೆಸಬೇಕೆಂದು ಅದೇ ಕಲಮು ವಿಧಿಸುತ್ತದೆ.

ಅಲ್ಲಿ ಪರಿಹಾರ ದೊರೆಯದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೊರೆ ಹೋಗಬಹುದು. 2007ರ ಅಧಿನಿಯಮದಂತೆ ರಚಿತವಾದ ಈ ಮಂಡಳಿಯು 2009ರಲ್ಲಿ ಕಾರ್ಯಾರಂಭ ಮಾಡಿತು. ಇದರ ಪ್ರಧಾನ ಪೀಠ ನವದೆಹಲಿಯಲ್ಲಿದೆ. ಕರ್ನಾಟಕವು ಕೊಚ್ಚಿಯ ಪ್ರಾದೇಶಿಕ ಪೀಠದ ವ್ಯಾಪ್ತಿಗೆ ಸೇರುತ್ತದೆ. ಇಲಾಖೆಯೊಳಗಿನ ಪರಿಹಾರ ಮಾರ್ಗಗಳನ್ನು ಮೊದಲು ಬಳಸಿರಬೇಕೆಂಬುದು ಅಧಿನಿಯಮದ 21ನೇ ಕಲಮಿನ ನಿಯಮ. ದೂರಿಗೆ ಆರು ತಿಂಗಳವರೆಗೆ ಅಂತಿಮ ಉತ್ತರ ಬಾರದಿದ್ದರೆ ಮಾರ್ಗಗಳನ್ನು ಬಳಸಿದಂತೆಯೇ ಭಾವಿಸಲಾಗುತ್ತದೆ. ಅಂತಿಮ ಆದೇಶ ಬಂದಿದ್ದರೆ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಮಂಡಳಿಯು ಸಾಮಾನ್ಯವಾಗಿ ಅಧಿಕಾರಿಯ ಅಭಿಪ್ರಾಯದ ಜಾಗದಲ್ಲಿ ತನ್ನ ಅಭಿಪ್ರಾಯವನ್ನು ಇರಿಸುವುದಿಲ್ಲ. ನಿಯಮಗಳ ಉಲ್ಲಂಘನೆ, ಪಕ್ಷಪಾತ ಅಥವಾ ವರದಿಯೊಳಗಿನ ಅಸಂಗತಿ ಕಂಡುಬಂದರೆ ಮಾತ್ರ ಮಧ್ಯಪ್ರವೇಶಿಸುತ್ತದೆ.

## ಇತರ ದೇಶಗಳಲ್ಲಿ

ಅಮೆರಿಕದ ಭೂಸೇನೆಯಲ್ಲಿ ನಾನ್-ಕಮಿಷನ್ಡ್ ಅಧಿಕಾರಿಗಳ ಮೌಲ್ಯಮಾಪನ ವರದಿಗೆ ‘ಎನ್‌ಸಿಒಇಆರ್’ ಎಂಬ ಹೆಸರಿದೆ. 2016ರ ಜನವರಿಯಿಂದ ಡಿಎ ಫಾರ್ಮ್ 2166-9 ಸರಣಿಯ ನಮೂನೆಗಳು ಬಳಕೆಗೆ ಬಂದವು. ಸಾರ್ಜೆಂಟರಿಗೆ ಒಂದು, ಸ್ಟಾಫ್ ಸಾರ್ಜೆಂಟ್‌ನಿಂದ ಮಾಸ್ಟರ್ ಸಾರ್ಜೆಂಟ್‌ವರೆಗಿನವರಿಗೆ ಇನ್ನೊಂದು, ಸಾರ್ಜೆಂಟ್ ಮೇಜರ್‌ಗಳಿಗೆ ಮತ್ತೊಂದು ನಮೂನೆ ಇದೆ. ಔದಾರ್ಯದ ದೋಷವನ್ನು ತಡೆಯಲು ಹಿರಿಯ ಮೌಲ್ಯಮಾಪಕರು ಸ್ಟಾಫ್ ಸಾರ್ಜೆಂಟ್ ಮತ್ತು ಮೇಲಿನ ಪದವಿಯವರಿಗೆ ನೀಡುವ ಅತ್ಯುನ್ನತ ಶ್ರೇಣಿಯನ್ನು ಶೇ. 24ಕ್ಕೆ ಮಿತಿಗೊಳಿಸಲಾಯಿತು. ಅವಧಿಯ ಆರಂಭದಲ್ಲಿಯೂ ಮೂರು ತಿಂಗಳಿಗೊಮ್ಮೆಯೂ ಸೈನಿಕನೊಡನೆ ಸಮಾಲೋಚನೆ ನಡೆಸಬೇಕೆಂಬ ನಿಯಮವಿದೆ. ಸಿದ್ಧವಾದ ವರದಿಯನ್ನು ಸೈನಿಕನೇ ನೋಡಿ ಸಹಿ ಹಾಕುತ್ತಾನೆ. ಸಹಿಯ ಅರ್ಥ ಒಪ್ಪಿಗೆಯಲ್ಲ, ನೋಡಿದ್ದೇನೆ ಎಂಬುದಷ್ಟೇ.

ಭಾರತದ ಕ್ರಮಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಬಹಿರಂಗತೆಯದು. ಆದರೆ ಬಹಿರಂಗವಾದ ಪದ್ಧತಿಯಲ್ಲಿ ಎಲ್ಲರನ್ನೂ ಹೊಗಳುವ ಒತ್ತಡ ಹೆಚ್ಚು. ಶೇಕಡಾವಾರು ಮಿತಿಗಳು ಬೇಕಾದುದು ಆ ಕಾರಣದಿಂದಲೇ.

## ಅಗ್ನಿಪಥ ಯೋಜನೆಯ ನಂತರ

2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಅಗ್ನಿವೀರರು ನಾಲ್ಕು ವರ್ಷಗಳ ಅವಧಿಗೆ ಸೇನೆಯನ್ನು ಸೇರುತ್ತಾರೆ. ಪ್ರತಿ ತಂಡದ ಶೇ. 25ರವರೆಗಿನವರನ್ನು ಕಾಯಂ ಸೇವೆಗೆ ಆಯ್ಕೆ ಮಾಡಬಹುದು. ಆಯ್ಕೆಗೆ ನಾಲ್ಕು ವರ್ಷಗಳ ಕಾರ್ಯನಿರ್ವಹಣೆಯನ್ನೂ ಪರಿಗಣಿಸಲಾಗುತ್ತದೆ. ಹಿಂದೆ ಮೌಲ್ಯಮಾಪನವು ಮುಖ್ಯವಾಗಿ ಬಡ್ತಿಯ ಪ್ರಶ್ನೆಯಾಗಿತ್ತು. ಈ ಯೋಜನೆಯಲ್ಲಿ ಅದು ಸೇವೆಯಲ್ಲಿ ಉಳಿಯುವ ಪ್ರಶ್ನೆಯೂ ಆಗಿದೆ. ಅಗ್ನಿವೀರನ ದಿನನಿತ್ಯದ ಕೆಲಸವನ್ನು ಅತ್ಯಂತ ಹತ್ತಿರದಿಂದ ಕಾಣುವವನು ಅವನ ಸೆಕ್ಷನ್ನಿನ ಹವಾಲ್ದಾರ್. ತನ್ನ ಕೆಲಸವನ್ನು ಇತರರು ಸರಿಯಾಗಿ ಗಮನಿಸಿ ಬರೆಯಲಿ ಎಂದು ಬಯಸುವ ಅವನು, ತನ್ನ ಕೈಕೆಳಗಿನವರ ಕೆಲಸವನ್ನು ಗಮನಿಸುವ ಮೊದಲಿಗನೂ ಆಗಿದ್ದಾನೆ.